ಟೈರ್ ಹಾಕಿಸುವ ಮೊದಲು ಅದರ ಪಕ್ಕೆ ಓದಿ

ಬೆಂಗಳೂರಿನ ಜೆ.ಸಿ. ರೋಡಿನ ಟೈರ್ ಅಂಗಡಿಗಳ ಮುಂದೆ ಶನಿವಾರ ಬೆಳಿಗ್ಗೆ ಒಂದು ಗಂಟೆ ನಿಂತರೆ ಸಾಕು. ನಾವು ಬೈಕಿಗೆ ಟೈರ್ ಹೇಗೆ ಕೊಳ್ಳುತ್ತೇವೆ ಅನ್ನುವುದು ಗೊತ್ತಾಗಿಬಿಡುತ್ತದೆ. ಬರುತ್ತಾರೆ, ಸ್ಟ್ಯಾಂಡ್ ಹಾಕುತ್ತಾರೆ. ‘ಹಿಂದಿನದು ಬೋಳಾಗಿದೆ, ಒಂದು ಒಳ್ಳೆ ಟೈರ್ ಹಾಕಪ್ಪ’ ಅನ್ನುತ್ತಾರೆ. ಕಂಪನಿ ಹೆಸರು ಕೇಳುತ್ತಾರೆ, ರೇಟು ಕೇಳುತ್ತಾರೆ, ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಆಮೇಲೆ ಕಾಫಿ ಕುಡಿಯಲು ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಟೈರ್ ಚಕ್ರಕ್ಕೆ ಏರಿರುತ್ತದೆ. ಅದು ಯಾವ ಸೈಜು, ಯಾವ ವರ್ಷದ್ದು, ಬಾಣ ಯಾವ ಕಡೆಗಿದೆ? ಯಾರೂ ನೋಡಿರುವುದಿಲ್ಲ.

ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವ ಜನ ನಾವು. ಟೈರ್ ಮಾತ್ರ ಕಣ್ಣು ಮುಚ್ಚಿ ತರುತ್ತೇವೆ. ನೋಡಬೇಕಾದ್ದೆಲ್ಲ ಅದರ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. ಓದುವುದಕ್ಕೆ ಹತ್ತು ನಿಮಿಷವೂ ಬೇಡ.

ಹಂತ 1: ಬದಲಿಸಬೇಕಾ?

ಟೈರಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಸಣ್ಣ ದಿಣ್ಣೆಗಳಿರುತ್ತವೆ. ಪಕ್ಕೆಯಲ್ಲಿ ಪುಟ್ಟ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ (ಸವೆತದ ಗುರುತು) ಅಕ್ಷರಗಳಿರುವ ಕಡೆಯಿಂದ ನೇರ ಮೇಲಕ್ಕೆ ಹೋದರೆ ಅದು ಸಿಗುತ್ತದೆ. ಮೇಲಿನ ರಬ್ಬರ್ ಸವೆದು ಈ ದಿಣ್ಣೆಗೆ ಸಮ ಬಂತೋ, ಟೈರಿನ ಆಯಸ್ಸು ಮುಗಿಯಿತು. ಕಾನೂನಿನ ಪ್ರಕಾರ ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿ.ಮೀ. ಆಳ ಇರಬೇಕು. ನನ್ನನ್ನು ಕೇಳಿದರೆ, ಮೇ ತಿಂಗಳ ಮಳೆಗೆ ಅದು ಸಾಲದು. ಎರಡು ಮಿ.ಮೀ.ಗೆ ಇಳಿದ ಕೂಡಲೇ ಬದಲಿಸಿ.

ಅಳೆಯುವಾಗ ನಡುವೆ ಅಳೆಯಿರಿ. ನಮ್ಮೂರ ಟ್ರಾಫಿಕ್ಕಿನಲ್ಲಿ ಬೈಕ್ ವಾಲುವುದೇ ಅಪರೂಪ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನೆಟ್ಟಗೆ ಹೋಗಿ ಹೋಗಿ ನಡುಭಾಗ ಚಪ್ಪಟೆಯಾಗುತ್ತದೆ, ಅಂಚು ಹೊಸದರಂತೆಯೇ ಉಳಿಯುತ್ತದೆ. ಅಂಚು ನೋಡಿ ‘ಇನ್ನೂ ಆರು ತಿಂಗಳು ಓಡುತ್ತೆ’ ಅನ್ನುವವರೇ ಜಾಸ್ತಿ.

ಮುಂದಿನ ಟೈರಿನದು ಬೇರೆ ಕಥೆ. ಅದು ನಿಧಾನ ಸವೆಯುತ್ತದೆ, ಆದರೆ ವಯಸ್ಸಾಗುತ್ತದೆ. ಹಿಂದಿನದು ಎರಡು ಬಾರಿ ಬದಲಾದರೂ ಮುಂದಿನದು ಹಾಗೇ ಇರುತ್ತದೆ. ಉಗುರಿನಿಂದ ಒತ್ತಿ ನೋಡಿ. ಒತ್ತಿದ ಗುರುತೇ ಮೂಡದಷ್ಟು ಗಟ್ಟಿಯಾಗಿದ್ದರೆ, ಪಕ್ಕೆಯಲ್ಲಿ ಕೂದಲೆಳೆ ಬಿರುಕು ಕಂಡರೆ, ಕಾಲುವೆ ಎಷ್ಟೇ ಆಳ ಇರಲಿ, ತೆಗೆಸಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಬಂದು ಬೀಳುವುದು ಮುಂದಿನ ಟೈರಿನ ಮೇಲೆಯೇ ಅಲ್ವಾ? ಬೇಸಿಗೆಯ ಮೊದಲ ಮಳೆಗೆ ರಸ್ತೆಯ ಧೂಳು, ಆಯಿಲು, ಉದುರಿದ ಹೊಂಗೆ ಹೂವು ಸೇರಿ ಸಾಬೂನಿನಂತಾಗಿರುತ್ತದೆ. ಕಲ್ಲಾದ ಟೈರ್ ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ.

ಹಂತ 2: ಸೈಜು. ಇಲ್ಲೇ ಎಲ್ಲರೂ ಎಡವುವುದು

ಪಕ್ಕದ ಮನೆ ಹುಡುಗ ಹೋದ ವರ್ಷ ತನ್ನ 150 ಸಿಸಿ ಬೈಕಿಗೆ ಅಗಲದ ಟೈರ್ ಹಾಕಿಸಿಕೊಂಡು ಬಂದ. ‘ಅಂಕಲ್, 120 ಹಾಕ್ಸಿದೆ, ಹೆಂಗಿದೆ ಲುಕ್?’ ಅಂದ. ಲುಕ್ ಏನೋ ಚೆನ್ನಾಗಿತ್ತು. ಬಗ್ಗಿ ನೋಡಿದೆ. ಟೈರಿಗೂ ಚೈನ್ ಕವರಿಗೂ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟೇ ಜಾಗ. ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಒಂದು ಹಂಪ್ ಹಾರಿಸಿದ್ದೇ ತಡ, ಕವರ್ ಒಳಗಡೆ ಕಪ್ಪಗೆ ಉಜ್ಜಿದ ಗೆರೆ ಬಿತ್ತು. ವಾರದೊಳಗೆ ಮೆಕ್ಯಾನಿಕ್ ಸುತ್ತಿಗೆಯಿಂದ ಚೈನ್ ಕವರನ್ನೇ ಆಚೆ ಬಗ್ಗಿಸಿಕೊಟ್ಟ. ಕಾಯಿಲೆ ಟೈರಿನದು, ಔಷಧಿ ಕವರಿಗೆ!

ಈಗ ಸೈಜು ಓದೋಣ. ಕೆಲವು 150 ಸಿಸಿ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ಬರುವುದು 100/90-17 55ಪಿ. 100 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 90 ಅಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 90ರಷ್ಟು, ಅಂದರೆ 90 ಮಿ.ಮೀ. 17 ಅಂದರೆ ರಿಮ್ಮಿನ ಅಡ್ಡಳತೆ, ಇದು ಮಾತ್ರ ಇಂಚಿನಲ್ಲಿ. 55 ಭಾರದ ಸಂಖ್ಯೆ. ಇದು ಕಿಲೋ ಅಲ್ಲ, ಪಟ್ಟಿ ನೋಡಿದರೆ 218 ಕಿಲೋ ಅಂತಿರುತ್ತದೆ. 50 ಅಂದರೆ 190 ಕಿಲೋ, 60 ಅಂದರೆ 250. ಕೊನೆಯ ಅಕ್ಷರ ವೇಗದ ಮಿತಿ. ಎಲ್ ಅಂದರೆ ಗಂಟೆಗೆ 120 ಕಿ.ಮೀ., ಪಿ ಅಂದರೆ 150, ಎಸ್ ಅಂದರೆ 180. ಭಾರ, ವೇಗ ಎರಡೂ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಮಾತ್ರ ಇರಬಾರದು. ‘ಪಿ ಇಲ್ಲ ಸಾರ್, ಎಲ್ ಇದೆ, ಈ ಟ್ರಾಫಿಕ್ಕಲ್ಲಿ 120ರಲ್ಲಿ ಯಾರು ಹೋಗ್ತಾರೆ’ ಅನ್ನುತ್ತಾರೆ ಅಂಗಡಿಯವರು. ನಕ್ಕು ಪಕ್ಕದ ಅಂಗಡಿಗೆ ಹೋಗಿ. ಇಬ್ಬರು ಕೂತು, ಸಿಲಿಂಡರ್ ಕಟ್ಟಿಕೊಂಡು ಹೋಗುವ ಬೈಕಿಗೆ ಆ ಸಂಖ್ಯೆ, ಆ ಅಕ್ಷರ ಸುಮ್ನೆ ಕೊಟ್ಟಿದ್ದಲ್ಲ.

ಹಳೇ ಬೈಕುಗಳಲ್ಲಿ 2.75-18, 3.00-17 ಅಂತ ಇರುತ್ತದೆ. ಅಲ್ಲಿ ಅಗಲವೂ ಇಂಚಿನಲ್ಲೇ. ಸ್ಪ್ಲೆಂಡರ್‌ಗೆ ಮೊದಲು 2.75-18 ಬರುತ್ತಿತ್ತು, ಈಗ ಕಾರ್ಖಾನೆಯಿಂದಲೇ 80/100-18 ಬರುತ್ತದೆ. ನಿಮ್ಮ ಬೈಕಿಗೆ ಯಾವುದು ಅಂತ ಮ್ಯಾನುಯಲ್ ನೋಡಿ. ಮ್ಯಾನುಯಲ್ ಕಳೆದಿದ್ದರೆ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕರ್ ನೋಡಿ. ಈಗ ಹಾಕಿರುವ ಟೈರನ್ನು ಮಾತ್ರ ನಂಬಬೇಡಿ, ಸೆಕೆಂಡ್ ಹ್ಯಾಂಡ್ ಬೈಕಾದರಂತೂ ಬೇಡವೇ ಬೇಡ. ಹಿಂದಿನ ಓನರ್ ಕೂಡ ಲುಕ್‌ಗೆ ಮರುಳಾಗಿದ್ದಿರಬಹುದು.

ಅಗಲ ಹೆಚ್ಚಿಸಿದರೆ ಏನಾಗುತ್ತದೆ? 100/90-17ರ ಒಟ್ಟು ಎತ್ತರ ಸುಮಾರು 612 ಮಿ.ಮೀ. 120/80-17ರದು 624. ಎತ್ತರದ ವ್ಯತ್ಯಾಸ ಬರೀ 12 ಮಿ.ಮೀ., ಆದರೆ ಪಕ್ಕೆಗಳು ಎರಡೂ ಕಡೆ ತಲಾ 10 ಮಿ.ಮೀ. ಆಚೆ ಬರುತ್ತವೆ. ಅಲ್ಲಿ ಚೈನ್ ಇದೆ, ಸ್ವಿಂಗ್ ಆರ್ಮ್ ಇದೆ. ಇದು ಹೊರಗೆ ಕಾಣುವ ಸಮಸ್ಯೆ. ಕಾಣದ್ದು ರಿಮ್ಮಿನದು. ಕಡಿಮೆ ಅಗಲದ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಚೀಲದ ಬಾಯಿ ಬಿಗಿದು ಕಟ್ಟಿದ ಹಾಗೆ ಬುಡ ಕಿರಿದಾಗಿ ಮೇಲ್ಭಾಗ ಇನ್ನಷ್ಟು ದುಂಡಗಾಗುತ್ತದೆ. ಅಗಲ ಜಾಸ್ತಿಯಾದರೆ ಗ್ರಿಪ್ ಜಾಸ್ತಿ ಅಂದುಕೊಂಡು ದುಡ್ಡು ಕೊಟ್ಟಿರುತ್ತೀರಿ. ರಸ್ತೆಗೆ ತಾಗುವ ಜಾಗ ಅಷ್ಟೇನೂ ಹೆಚ್ಚಿರುವುದಿಲ್ಲ. ಭಾರ ಕೂಡಿತು, ಮೈಲೇಜ್ ಇಳಿಯಿತು, ಪಿಕಪ್ ಕುಗ್ಗಿತು, ತಿರುವಿನಲ್ಲಿ ಬೈಕ್ ಬಗ್ಗಲು ಮೊಂಡು ಹಿಡಿಯುತ್ತದೆ. ಕಂಪನಿ ಕೊಟ್ಟ ಸೈಜೇ ಹಾಕಿಸಿ. ಈ ವಿಷಯದಲ್ಲಿ ನಾನು ಹಟಮಾರಿ.

ಹಂತ 3: ಹುಟ್ಟಿದ ದಿನಾಂಕ

ಅಂಗಡಿಯವರಿಂದ ಒಂದು ಒದ್ದೆ ಬಟ್ಟೆ ಕೇಳಿ. ಪಕ್ಕೆಯ ಧೂಳು ಒರೆಸಿ ನಾಲ್ಕು ಅಂಕಿಗಳನ್ನು ಹುಡುಕಿ. 2224 ಅಂತಿದ್ದರೆ 2024ನೇ ಇಸವಿಯ 22ನೇ ವಾರ, ಅಂದರೆ ಮೇ ಕೊನೆಯಲ್ಲಿ ತಯಾರಾದದ್ದು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಕೆಲವು ಟೈರುಗಳಲ್ಲಿ ಇದು ಒಂದೇ ಪಕ್ಕೆಯಲ್ಲಿರುತ್ತದೆ. ಈ ಕಡೆ ಕಾಣದಿದ್ದರೆ ತಿರುಗಿಸಿ ನೋಡಿ.

ಆರು ತಿಂಗಳ ಒಳಗಿನದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ವರ್ಷ ದಾಟಿದ್ದರೆ ನಾನು ತಗೊಳ್ಳುವುದಿಲ್ಲ. ಜಾಸ್ತಿ ಖರ್ಚಾಗುವ 17, 18 ಇಂಚಿನ ಸೈಜುಗಳು ಅಂಗಡಿಯಲ್ಲಿ ನಿಲ್ಲುವುದೇ ಇಲ್ಲ. ಹಳೇ ಮಾಲು ಸಿಗುವುದು ಅಪರೂಪದ ಸೈಜುಗಳಲ್ಲಿ: ಬುಲೆಟ್ಟಿನ ಮುಂದಿನ 19 ಇಂಚಿನದು, ಹಳೇ ಸ್ಕೂಟರಿನ 3.50-10. ಇವುಗಳನ್ನು ಕೊಳ್ಳುವವರು ಎರಡು ಪಟ್ಟು ಹುಷಾರಾಗಿರಿ.

ಮಿರಿಮಿರಿ ಹೊಳೆಯುವ ಟೈರ್ ಕಂಡರೆ ನನಗೆ ಅನುಮಾನ. ಪಾಲಿಶ್ ಬಳಿದರೆ ಐದು ವರ್ಷದ ಟೈರೂ ಮದುಮಗನಂತೆ ಕಾಣುತ್ತದೆ. ಬೆರಳಿಗೆ ಜಿಡ್ಡು ಅಂಟಿದರೆ ಅದು ಪಾಲಿಶ್. ಇನ್ನೂ ಒಂದು ಕಂತ್ರಿ ಮಾಲಿದೆ: ಬೋಳು ಟೈರಿನಲ್ಲಿ ಬಿಸಿ ಬ್ಲೇಡಿನಿಂದ ಹೊಸದಾಗಿ ಕಾಲುವೆ ಕೊರೆದು ಅರ್ಧ ಬೆಲೆಗೆ ಮಾರುವುದು. ಕೊರೆದ ಕಾಲುವೆಯ ಅಂಚು ಒರಟಾಗಿರುತ್ತದೆ, ತಳದಲ್ಲಿ ಕೆಲವು ಕಡೆ ನೂಲೂ ಇಣುಕುತ್ತದೆ. ಪುಕ್ಕಟೆ ಕೊಟ್ಟರೂ ಬೇಡ.

ಹಂತ 4: ಯಾವ ಥರದ್ದು?

ಕಂಪನಿ ವಿಚಾರದಲ್ಲಿ ಜಗಳ ಬೇಡ. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೋಲೊ, ಮಿಷೆಲಿನ್, ಯಾವುದಾದರೂ ಆಗುತ್ತದೆ. ಹಳಬರು ಈಗಲೂ ಮೈಸೂರಿನ ವಿಕ್ರಾಂತ್ ಟೈರ್ ನೆನೆಯುತ್ತಾರೆ. ಆ ಕಂಪನಿ 1997ರಲ್ಲಿ ಜೆ.ಕೆ. ಟೈರ್ ಪಾಲಾಯಿತು.

ಕೇಳಬೇಕಾದ್ದು ರಬ್ಬರ್ ಮೆತ್ತಗಿದೆಯೋ ಗಟ್ಟಿಯೋ ಅಂತ. ಮೆತ್ತಗಿನದು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳಿಕೆ ಬರುತ್ತದೆ, ಮಳೆಯಲ್ಲಿ ಜಾರುತ್ತದೆ. ದಿನಾ ನೂರು ಕಿ.ಮೀ. ಡೆಲಿವರಿಗೆ ಓಡಿಸುವವರು ಗಟ್ಟಿಯದು ಹಾಕಿಸಲಿ, ತಪ್ಪಿಲ್ಲ. ಮನೆ–ಆಫೀಸು ಓಡಾಡುವವರು ಮುಂದಿನ ಚಕ್ರಕ್ಕಾದರೂ ಮೆತ್ತಗಿನದು ಹಾಕಿಸಿ.

ದೊಡ್ಡ ದೊಡ್ಡ ಬಟನ್ನಿನ ಕಾಡುದಾರಿ ಟೈರ್ ನಗರಕ್ಕೆ ಬೇಡ. ‘ಗುಂಡಿ ರಸ್ತೆಗೆ ಅದೇ ಸರಿ’ ಅನ್ನುವ ಮಾತು ಕೇಳಿದ್ದೇನೆ. ಗುಂಡಿಯಿಂದ ಕಾಪಾಡುವುದು ಸರಿಯಾದ ಗಾಳಿ ಮತ್ತು ಪಕ್ಕೆಯ ಎತ್ತರ, ಬಟನ್ ಅಲ್ಲ. ಒದ್ದೆಯಾದ ವೈಟ್‌ಟಾಪಿಂಗ್ (ಕಾಂಕ್ರೀಟ್) ರಸ್ತೆಯಲ್ಲಿ ಆ ಬಟನ್ನುಗಳ ತುದಿಯಷ್ಟೇ ನೆಲ ಮುಟ್ಟುತ್ತದೆ. ವಾರ ವಾರ ಮಣ್ಣಿನ ದಾರಿ ಹಿಡಿದು ಬೆಟ್ಟಕ್ಕೆ ಹೋಗುವವರ ಮಾತು ಬೇರೆ.

ಕಡ್ಡಿ ಚಕ್ರವಾದರೆ ಟ್ಯೂಬಿರುವ ಟೈರ್, ಅಲಾಯ್ ಆಗಿದ್ದು ಟ್ಯೂಬ್‌ಲೆಸ್ ರಿಮ್ ಆದರೆ ಟ್ಯೂಬ್‌ಲೆಸ್. ಪಕ್ಕೆಯಲ್ಲಿ ‘ಟಿಟಿ’, ‘ಟಿಎಲ್’ ಅಂತ ಬರೆದಿರುತ್ತದೆ. ಸೈಜಿನ ನಡುವೆ ‘ಆರ್’ ಇದ್ದರೆ ರೇಡಿಯಲ್, ಅಂದರೆ ಒಳಗಿನ ನೂಲು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾದಿರುವ ಟೈರ್. ನೀವಾಗಿ ಮುಂದೊಂದು ಹಿಂದೊಂದು ಥರ ಬೆರೆಸಬೇಡಿ.

ಹಂತ 5: ಬಿಲ್ ತಗೊಳ್ಳಿ

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆ ಇಳಿಕೆ ನಿಮಗೆ ಸಿಕ್ಕಿದೆಯಾ ಅಂತ ಗೊತ್ತಾಗುವುದು ಬಿಲ್ಲಿನಲ್ಲೇ. ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಹಂತ 6: ಕಾಫಿಗೆ ಹೋಗಬೇಡಿ, ಪಕ್ಕದಲ್ಲೇ ನಿಲ್ಲಿ

ಟೈರ್ ಎಷ್ಟೇ ಒಳ್ಳೆಯದಿರಲಿ, ಹಾಕುವುದರಲ್ಲಿ ಕೆಡಿಸಬಹುದು. ಟ್ಯೂಬ್ ಟೈರಾದರೆ ಟ್ಯೂಬೂ ಹೊಸದೇ ಬೇಕು. ಇನ್ನೂರು ಮುನ್ನೂರು ಉಳಿಸಲು ನಾನು ಒಮ್ಮೆ ಹಳೇ ಟ್ಯೂಬನ್ನೇ ಹಾಕಿಸಿದ್ದೆ. ಹಳೇ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಅದು ಮಡಿಚಿಕೊಂಡು ಕೂರುತ್ತದೆ, ಆ ಮಡಿಕೆಯೇ ಉಜ್ಜಿ ತೂತಾಗುತ್ತದೆ. ಗೊರಗುಂಟೆಪಾಳ್ಯ ಸಿಗ್ನಲ್ ಹತ್ತಿರ ಸಂಜೆ ಏಳಕ್ಕೆ ಗಾಳಿ ಹೋಯಿತು. ಅಲ್ಲಿ ಆ ಹೊತ್ತಿನಲ್ಲಿ ಬೈಕ್ ತಳ್ಳಿದವರಿಗೆ ಹೆಚ್ಚು ಹೇಳಬೇಕಿಲ್ಲ. ಟ್ಯೂಬಿಗೆ ಕಡ್ಡಿ ಚುಚ್ಚದಂತೆ ರಿಮ್ಮಿಗೆ ಸುತ್ತಿರುವ ರಿಮ್ ಟೇಪ್ ಹರಿದಿದ್ದರೆ ಅದನ್ನೂ ಬದಲಿಸಿ. ಟ್ಯೂಬ್‌ಲೆಸ್ ಆದರೆ ಗಾಳಿ ತುಂಬುವ ವಾಲ್ವ್ ಹೊಸದು ಹಾಕಿಸಿ.

ರಾಡ್ ಹಾಕಿ ಮೀಟುವಾಗ ಅಂಚಿಗೆ ಸೋಪಿನ ನೀರು ಸವರಬೇಕು, ಗ್ರೀಸ್ ಅಲ್ಲ. ಅಲಾಯ್ ಚಕ್ರವನ್ನು ಮಶೀನಿನಲ್ಲೇ ಮಾಡಿಸಿ, ಇಲ್ಲದಿದ್ದರೆ ರಿಮ್ಮಿನ ಅಂಚು ಕಚ್ಚಿ ಹೋಗುತ್ತದೆ.

ಬಾಣ ನೋಡಿ. ಪಕ್ಕೆಯ ಮೇಲಿನ ಬಾಣ ಬೈಕ್ ಮುಂದೆ ಹೋಗುವಾಗ ಚಕ್ರ ಉರುಳುವ ದಿಕ್ಕಿಗಿರಬೇಕು. ತುಂಬಾ ಗಡಿಬಿಡಿಯ ಹುಡುಗರು ಚಕ್ರವನ್ನು ನೆಲದ ಮೇಲೆ ಮಲಗಿಸಿಕೊಂಡು ಕೆಲಸ ಮಾಡುವಾಗ ಇದನ್ನು ಮರೆಯುತ್ತಾರೆ. ಬಣ್ಣದ ಚುಕ್ಕೆ ಇದ್ದರೆ ಅದು ವಾಲ್ವ್ ಪಕ್ಕಕ್ಕೇ ಬರಲಿ. ಗಾಳಿ ತುಂಬಿದಾಗ ಟಪ್ ಟಪ್ ಅಂತ ಎರಡು ಸದ್ದು ಬಂದು ಅಂಚು ಕೂರುತ್ತದೆ. ಟೈರಿನ ಮೇಲೆ ರಿಮ್ಮಿನ ಹತ್ತಿರ ಇರುವ ಸಣ್ಣ ಗೆರೆ ಸುತ್ತಲೂ ರಿಮ್ಮಿನಿಂದ ಒಂದೇ ಅಂತರದಲ್ಲಿದೆಯಾ ಅಂತ ಚಕ್ರ ತಿರುಗಿಸಿ ನೋಡಿ.

ಚಕ್ರ ಮತ್ತೆ ಜೋಡಿಸುವಾಗ ನೆಲದ ಮೇಲೆ ಏನಾದರೂ ಉಳಿದಿದೆಯಾ ನೋಡಿ. ನನ್ನ ಬೈಕಿನ ಆಕ್ಸಲ್‌ನ ಸಣ್ಣ ಬುಷ್ ಒಂದು ಸಲ ಅಂಗಡಿಯ ಡಬ್ಬದಲ್ಲೇ ಉಳಿದಿತ್ತು. ಚಕ್ರ ಅಲ್ಲಾಡುತ್ತಿದೆ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಚೈನ್ ಸಡಿಲ ನೋಡಿಸಿ, ಹಿಂದಿನ ಬ್ರೇಕ್ ಒಮ್ಮೆ ಒತ್ತಿ ನೋಡಿ.

ಹಂತ 7: ಗಾಳಿ, ಮೊದಲ ನೂರು ಕಿ.ಮೀ.

ಮ್ಯಾನುಯಲ್ ಹೇಳಿದಷ್ಟೇ ಗಾಳಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ನೈಟ್ರೋಜನ್‌ಗೆ ದುಡ್ಡು ಬೇಡ, ಬಂಕಿನ ಮಾಮೂಲಿ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ಹೊಸ ಟೈರಿನ ಮೈ ನುಣುಪು, ಮೊದಲ ನೂರು ನೂರೈವತ್ತು ಕಿ.ಮೀ. ಜೋರಾಗಿ ವಾಲಿಸಬೇಡಿ, ಗಕ್ಕನೆ ಬ್ರೇಕ್ ಹಿಡಿಯಬೇಡಿ.

ಹಳೇ ಟೈರ್ ಮನೆಗೆ ತರಬೇಡಿ. ಟೆರೇಸಿನ ಮೂಲೆಯಲ್ಲಿ ಬಿದ್ದ ಟೈರಿನೊಳಗೆ ಮಳೆ ನೀರು ನಿಲ್ಲುತ್ತದೆ, ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆ ತೊಟ್ಟಿಲು ಇಲ್ಲ. ಅಂಗಡಿಯಲ್ಲೇ ಬಿಡಿ. ಬಿಡುವ ಮೊದಲು ನಾನು ಹುಡುಗನಿಗೆ ಹೇಳಿ ಪಕ್ಕೆಯಲ್ಲಿ ಗರಗಸದಿಂದ ಎರಡು ಕಡೆ ಕುಯ್ಸುತ್ತೇನೆ. ‘ಯಾಕೆ ಸಾರ್, ಹಂಗೇ ಬಿಡಿ’ ಅನ್ನುತ್ತಾನೆ. ಕುಯ್ದ ಮೇಲೆ ಅದಕ್ಕೆ ಯಾರೂ ಮತ್ತೆ ಕಾಲುವೆ ಕೊರೆಯಲು ಆಗುವುದಿಲ್ಲ.