ಗುಂಪು ಒಡೆದ ಮೇಲೆ ಒಬ್ಬರೇ ಹಾಡುವುದು ಹೇಗೆ

2003ರಲ್ಲಿ ನಾವು ಐದು ಜನ ಹುಡುಗರು ಕಲಬುರಗಿಯಲ್ಲಿ ಒಂದು ಹಾಡಿನ ಗುಂಪು ಕಟ್ಟಿದೆವು. ಆಗ ಊರಿನ ಹೆಸರು ಗುಲಬರ್ಗಾ, ನಮ್ಮ ಬ್ಯಾನರಿನಲ್ಲೂ ಹಾಗೇ ಇತ್ತು. ಟಿವಿಯಲ್ಲಿ ಮುಂಬೈನ ಎ ಬ್ಯಾಂಡ್ ಆಫ್ ಬಾಯ್ಸ್ ಅನ್ನುವ ಹಾಡಿನ ಗುಂಪು ನೋಡಿ ಹುಚ್ಚು ಹಿಡಿದಿತ್ತು. ಒಂದೇ ಬಣ್ಣದ ಅಂಗಿ, ಒಂದೇ ಹೆಜ್ಜೆ. ಗಣಪತಿ ಹಬ್ಬ, ಮದುವೆ, ಕಾಲೇಜು ಗ್ಯಾದರಿಂಗ್ ಅಂತ ಎಂಟು ವರ್ಷ ಹಾಡಿದೆವು. 2011ರಲ್ಲಿ ಒಬ್ಬನಿಗೆ ನೌಕರಿ ಸಿಕ್ಕಿತು, ಇನ್ನೊಬ್ಬ ಪುಣೆಗೆ ಹೋದ. ಗುಂಪು ನಿಂತಿತು. ನಾನು ಹಾಡು ಬಿಡಲಿಲ್ಲ. ಗುಂಪು ಬಿಟ್ಟ ಹುಡುಗರು ಈಗ ನನ್ನ ಹತ್ತಿರ ಬಂದು "ಮುಂದ ಏನ್ ಮಾಡ್ಬೇಕ್ರಿ ಅಣ್ಣಾ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬನೇ ನಿಂತ ಮೊದಲ ರಾತ್ರಿ ಜೇವರ್ಗಿ ಕಡೆಯ ಒಂದು ಹಳ್ಳಿ ಜಾತ್ರೆಯಲ್ಲಿ. ಪಲ್ಲವಿ ಚೆನ್ನಾಗಿ ಬಂತು. ಚರಣದ ಮೊದಲ ಸಾಲು ಹಾಡಿ ಸುಮ್ನೆ ನಿಂತುಬಿಟ್ಟೆ. ಎರಡನೇ ಸಾಲು ಎಂಟು ವರ್ಷದಿಂದ ಇನ್ನೊಬ್ಬನದು. ಮಾತು ಗೊತ್ತಿತ್ತು, ರಾಗ ಗೊತ್ತಿತ್ತು, ಆದರೆ ಬಾಯಿ ತೆರೆಯಲಿಲ್ಲ. ಕೀಬೋರ್ಡಿನವರು ತಿರುಗಿ ನೋಡಿದರು. ತಬಲಾ ಮಾತ್ರ ನಡೀತಾ ಇತ್ತು. ಗುಂಪಿನಲ್ಲಿ ನಾನು ಕಲಿತದ್ದು ಹಾಡಿನ ಕಾಲು ಭಾಗ ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ಮೊದಲು ನಿಮ್ಮ ಪಟ್ಟಿ ಹುಡುಕಿಕೊಳ್ಳಿ. ಪಟ್ಟಿ ಅಂದರೆ ಶ್ರುತಿ, ಹಾರ್ಮೋನಿಯಂನ ಯಾವ ಮನೆಯನ್ನು ಸಾ ಅಂತ ಹಿಡಿದು ಹಾಡುತ್ತೀರಿ ಅನ್ನುವುದು. ಗುಂಪಿನಲ್ಲಿ ಎಲ್ಲರೂ ಮುಖ್ಯ ಹಾಡುಗಾರನ ಪಟ್ಟಿಯಲ್ಲೇ ಹಾಡುತ್ತೀರಿ. ನಮ್ಮವನದು ಎತ್ತರದ ದನಿ, ಕರಿ 3, ಅಂದರೆ ಮೂರನೇ ಕಪ್ಪು ಮನೆ. ನಾನೂ ಅದರಲ್ಲೇ ಹಾಡುತ್ತಿದ್ದೆ. ಕಾರ್ಯಕ್ರಮ ಮುಗಿದರೆ ಎರಡು ದಿನ ಗಂಟಲು ಕಟ್ಟುತ್ತಿತ್ತು. ಧೂಳಿಂದ ಅಂದುಕೊಂಡಿದ್ದೆ. ಗುಂಪು ಒಡೆದ ಮೇಲೆ ನಾಟಕದ ಹಾರ್ಮೋನಿಯಂ ಮಾಸ್ತರ್ ಒಬ್ಬರ ಬಳಿ ಹೋದೆ. ಅವರು ಎರಡು ಸಾಲು ಕೇಳಿದರು. ಬೆರಳು ಕೆಳಗೆ ಸರಿಸಿ ಕರಿ 1 ಒತ್ತಿದರು. "ಇಲ್ಲಿಂದ ಹಾಡಿ ನೋಡು ತಮ್ಮಾ" ಅಂದರು. ಕರಿ, ಬಿಳಿ ಎರಡೂ ಎಣಿಸಿದರೆ ಐದು ಮನೆ ಕೆಳಗೆ. ಹಾಡಿದೆ. ಎದೆಯೊಳಗಿಂದ ದನಿ ಬಂತು. ಅದು ನನ್ನದು ಅಂತ ನನಗೇ ಗುರುತು ಸಿಗಲಿಲ್ಲ.

ನೀವೂ ಹೀಗೆ ನೋಡಿ. ಮೊಬೈಲಿನಲ್ಲಿ ತಂಬೂರಿ ಹಾಕಿದರೂ ಸಾಕು. ಒಂದು ಪಟ್ಟಿಯಲ್ಲಿ ಸಾ ಹಿಡಿದು ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ಪ ಸ್ವರಕ್ಕೆ ಇಳಿಯಿರಿ, ದನಿ ಬರೀ ಗಾಳಿ ಆಗಬಾರದು. ಆಮೇಲೆ ತಾರ ಸಪ್ತಕದ ಗಾಂಧಾರ, ಮಧ್ಯಮದವರೆಗೆ, ಅಂದರೆ ಮೇಲಿನ ಗ, ಮ ಸ್ವರದವರೆಗೆ ಏರಿ, ಕುತ್ತಿಗೆ ನರ ಉಬ್ಬಬಾರದು. ಎರಡೂ ಸಲೀಸಾದರೆ ಅದೇ ನಿಮ್ಮ ಪಟ್ಟಿ. ಬೆಳಿಗ್ಗೆ ಎದ್ದ ಕೂಡಲೇ ನೋಡಬೇಡಿ. ಆಗ ದನಿ ಭಾರ ಇರುತ್ತದೆ, ಪಟ್ಟಿ ಕೆಳಗೆ ತೋರಿಸುತ್ತದೆ. ಸಂಜೆ ನೋಡಿ, ವಾರಗಟ್ಟಲೆ ನೋಡಿ.

ಆಮೇಲೆ ಹತ್ತೇ ಹತ್ತು ಹಾಡು ಪೂರ್ತಿ ಕಲಿಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಉಸಿರು ತಗೊಳ್ಳುವ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿ. ಇದನ್ನು ಬಿಡಬೇಡಿ. ಗುಂಪಿನಲ್ಲಿ ಬೇರೆಯವರು ಹಾಡುವಾಗ ಉಸಿರು ತಗೊಂಡು ರೂಢಿ. ಒಬ್ಬರೇ ನಿಂತಾಗ ಆ ಬಿಡುವು ಇಲ್ಲ, ಮೂರನೇ ಹಾಡಿಗೇ ಸುಸ್ತಾಗುತ್ತದೆ.

ಇದಕ್ಕೆ ನಮ್ಮ ಕಡೆ ಒಳ್ಳೆ ಶಾಲೆ ಅಂದರೆ ಹಳ್ಳಿಯ ಅಮಾವಾಸ್ಯೆ ಭಜನೆ. ಕಡಕೋಳ ಮಡಿವಾಳಪ್ಪನವರು ನಮ್ಮ ಜಿಲ್ಲೆಯವರೇ. ಅವರ ತತ್ವಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಬರ ಪದ ಇಂದಿಗೂ ರಾತ್ರಿಯಿಡೀ ಹಾಡುತ್ತಾರೆ. ವಾದ್ಯ ಅಂದರೆ ಏಕತಾರಿ, ದಮ್ಮಡಿ, ತಾಳ. ಮೈಕ್ ಇಲ್ಲದಿದ್ದರೂ ನಡೆಯುತ್ತದೆ. ಒಬ್ಬರು ಮುಂದೆ ಹಾಡಿ ಸಾಲು ಎತ್ತಿಕೊಡಬೇಕು, ಉಳಿದವರು ಹಿಡಿಯುತ್ತಾರೆ. ಎತ್ತಿಕೊಡುವ ಸರದಿ ಕೇಳಿ ಪಡೆಯಿರಿ. ಹಿಂದೆ ಹಾಡುತ್ತಿದ್ದವನು ಮುಂದೆ ಹಾಡುವುದು ನಾನು ಅಲ್ಲೇ ಕಲಿತೆ. ಒಂದು ವರ್ಷ ಹೋದೆ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ, ಮೇಲಿನ ಸ್ವರಕ್ಕೆ ಸ್ವಲ್ಪ ಹಿಂದೆ ಸರಿಸಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಮಂಡಪಕ್ಕೆ ಬಂದ ತಕ್ಷಣ ಐಸ್ ನೀರು ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ಬೇಡ ಅನ್ನಿ. ಮನೆಯಿಂದ ನೀರು ಒಯ್ಯಿರಿ. ಕಲಬುರಗಿ ಆಕಾಶವಾಣಿಯ ಆಡಿಷನ್ ತಪ್ಪದೆ ಕೊಡಿ. ಪಾಸಾದರೆ ರೇಡಿಯೋ ಕಲಾವಿದರ ಬಿ ಗ್ರೇಡಿನಿಂದ ಶುರು.

ಇನ್ನು ಕಾಗದ ಪತ್ರ. ಇದರಲ್ಲಿ ನಾನು ನೊಂದಿದ್ದೇನೆ. ಒಂದು ಸಣ್ಣ ಆಡಿಯೋ ಕಂಪನಿಗೆ ಭಕ್ತಿಗೀತೆ ಹಾಡಿಕೊಟ್ಟೆ, ಬಾಯಿ ಮಾತಿನ ಮೇಲೆ. ಸಿಡಿ ಬಂದಾಗ ನನ್ನ ಹೆಸರೇ ಇರಲಿಲ್ಲ. ಅಮ್ಮ ಕವರ್ ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟಳು, ಏನೂ ಅನ್ನಲಿಲ್ಲ. ದೊಡ್ಡವರಿಗೂ ಇದು ತಪ್ಪಿಲ್ಲ. ಅಮೆರಿಕದ ಬ್ಯಾಕ್‌ಸ್ಟ್ರೀಟ್ ಬಾಯ್ಸ್ 1993ರಲ್ಲಿ ಶುರುವಾದ ಐದು ಜನರ ಗುಂಪು. ಅವರನ್ನು ಕಟ್ಟಿದ ಲೂ ಪರ್ಲ್‌ಮನ್ ತಾನೇ 6ನೇ ಸದಸ್ಯ ಅಂತ ಬರೆಸಿಕೊಂಡು ಪಾಲು ತೆಗೆಯುತ್ತಿದ್ದ. ಹುಡುಗರು ಕೋರ್ಟಿಗೆ ಹೋಗಬೇಕಾಯಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ಹಾಡುಗಾರರಿಗೂ ರಾಯಲ್ಟಿ ಹಕ್ಕು ಇದೆ. ಹಾಡಿದ್ದು ನಾನೇ ಅಂತ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಹಾಡುಗಾರರ ಹಕ್ಕಿನ ಅವಧಿ 50 ವರ್ಷ. ಆದ್ದರಿಂದ ಸ್ಟುಡಿಯೋ ಒಳಗೆ ಹೋಗುವ ಮೊದಲೇ ಹೆಸರು, ದುಡ್ಡು, ತಾರೀಖು ಬರೆಸಿ ಸಹಿ ಹಾಕಿಸಿ. ಗೆಳೆಯರಾದರೂ ಸರಿ.

ಗುಂಪಿನ ಹೆಸರು ಯಾರು ಬಳಸಬೇಕು ಅನ್ನುವುದನ್ನೂ ಬಿಡುವ ದಿನವೇ ಮಾತಾಡಿ ಮುಗಿಸಿ. ಹಳೆಯ ಗೆಳೆಯರ ಬಗ್ಗೆ ಸ್ಟೇಜ್ ಮೇಲೆ ಕೆಟ್ಟದ್ದು ಆಡಬೇಡಿ. ಇಂಗ್ಲೆಂಡಿನ ರಾಬಿ ವಿಲಿಯಮ್ಸ್ 1995ರಲ್ಲಿ ಟೇಕ್ ದಟ್ ಗುಂಪು ಬಿಟ್ಟರು, ಒಬ್ಬರೇ ಹಾಡಿ ದೊಡ್ಡ ಹೆಸರು ಮಾಡಿದರು, 2010ರಲ್ಲಿ ಅದೇ ಗುಂಪಿಗೆ ಮರಳಿ ಬಂದರು. ಎಲ್ಲರೂ ಹಾಡಲೇಬೇಕು ಅಂತಲೂ ಇಲ್ಲ. ನಾವು ಟಿವಿಯಲ್ಲಿ ನೋಡಿದ ಆ ಮುಂಬೈ ಗುಂಪಿನ ಸುಧಾಂಶು ಪಾಂಡೆ ನಟರಾದರು, ಸಿದ್ಧಾರ್ಥ್ ಹಳದೀಪುರ್ ಸಂಗೀತ ನಿರ್ದೇಶಕರಾದರು.

ಹೋದ ವರ್ಷ ಶರಣಬಸವೇಶ್ವರ ಜಾತ್ರೆಗೆ ನಾವು ಐವರೂ ಊರಲ್ಲಿದ್ದೆವು. ಅಪ್ಪನ ಕೆರೆ ಕಡೆ ತಿರುಗಾಡಿ, ರಾತ್ರಿ ನಮ್ಮ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಊಟ ಮಾಡಿ ಹಾರ್ಮೋನಿಯಂ ತೆಗೆದೆವು. ಮಾಸ್ತರೂ ಬಂದಿದ್ದರು. ಪ್ರತಿಯೊಬ್ಬನಿಗೂ ಒಂದೊಂದು ಹಾಡು. ಒಬ್ಬ ಮುಗಿಸಿದ ಕೂಡಲೇ ಮಾಸ್ತರ್ ಮುಂದಿನವನನ್ನು "ನಿಂದು ಯಾವ ಪಟ್ಟಿ?" ಅಂತ ಕೇಳುತ್ತಿದ್ದರು. ಪುಣೆಯವನಿಗೆ ಗೊತ್ತಿರಲಿಲ್ಲ. ಅವನ ಪಟ್ಟಿ ಹುಡುಕುವಷ್ಟರಲ್ಲಿ ಹನ್ನೆರಡು ಗಂಟೆ ಆಯಿತು. ಬಿಳಿ 2.