ನೂರು ಟ್ರಿಲಿಯನ್ ನೋಟು ಕೊಳ್ಳುವ ಮುಂಚೆ

ದೊಡ್ಡ ಮೊತ್ತದ ಹಳೇ ನೋಟುಗಳನ್ನು ಸಂಗ್ರಹಕ್ಕೆ ಕೊಳ್ಳುವುದಾದರೆ, ಮೊದಲು ಸೊನ್ನೆ ಎಣಿಸುವುದನ್ನು ಬಿಡಿ. ನಾನು ಶುರುವಿನಲ್ಲಿ ಸೊನ್ನೆ ಜಾಸ್ತಿ ಇದ್ದಷ್ಟೂ ಅಪರೂಪ ಅಂದುಕೊಂಡು, ಚಿನ್ನದ ಬಣ್ಣದ ತೆಳು ಹಾಳೆಯಲ್ಲಿ ಅಚ್ಚಾದ ಜಿಂಬಾಬ್ವೆ ನೋಟೊಂದನ್ನು ಖುಷಿಯಿಂದ ಕೊಂಡಿದ್ದೆ. ಅದು ಬರೀ ತಮಾಷೆ ನೋಟು. ಅಸಲಿ ಇದ್ದದ್ದು ಕಾಗದದಲ್ಲಿ.

ಹಾಗಾಗಿ ನೋಟು ಕೈಗೆ ಬಂದ ಕೂಡಲೇ, ಅದರ ಮೇಲಿರುವ ಬ್ಯಾಂಕು ಆ ಮೊತ್ತದ ನೋಟನ್ನು ನಿಜವಾಗಿ ಬಿಟ್ಟಿತ್ತಾ ಅಂತ ನೋಡಿ. ಜಿಂಬಾಬ್ವೆ ಬಿಟ್ಟ ಅತಿ ದೊಡ್ಡ ನೋಟು 2009ರಲ್ಲಿ ಬಂದ 100 ಟ್ರಿಲಿಯನ್ ಡಾಲರ್. ಒಂದರ ಮುಂದೆ 14 ಸೊನ್ನೆ, ಅಂದರೆ ಒಂದು ಕೋಟಿ ಕೋಟಿ! ಮುಂಭಾಗದಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳು, ಹಿಂದೆ ವಿಕ್ಟೋರಿಯಾ ಜಲಪಾತ ಮತ್ತು ಕಾಡೆಮ್ಮೆ ಇರುತ್ತವೆ. ಕ್ವಾಡ್ರಿಲಿಯನ್ ಗಿಡ್ರಿಲಿಯನ್ ಅಂತ ಇನ್ನೂ ಮೇಲಿನದನ್ನು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ಅಮೆರಿಕದ ಮಿಲಿಯನ್ ಡಾಲರ್ ನೋಟಿನ ಕಥೆಯೂ ಇದೇ. ಅಲ್ಲಿ ಅಚ್ಚಾದ ಅತಿ ದೊಡ್ಡದು ವುಡ್ರೋ ವಿಲ್ಸನ್ ಚಿತ್ರವಿರುವ 1934ರ 1,00,000 ಡಾಲರಿನ ಗೋಲ್ಡ್ ಸರ್ಟಿಫಿಕೇಟ್, ಅಂದರೆ ಚಿನ್ನದ ಆಧಾರದ ಮೇಲೆ ಬಿಟ್ಟ ನೋಟು. ಅದು ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕು ವ್ಯವಸ್ಥೆ) ಬ್ಯಾಂಕುಗಳ ನಡುವೆ ಮಾತ್ರ ಓಡಾಡಿದ್ದು, ಖಾಸಗಿಯವರು ಇಟ್ಟುಕೊಳ್ಳುವಂತೆಯೇ ಇಲ್ಲ. ಹಾಗಿದ್ದ ಮೇಲೆ ಮಾರಾಟಕ್ಕಿದೆ ಅಂದರೆ ಏನರ್ಥ, ನೀವೇ ಹೇಳಿ. ಆದರೆ 500, 1,000, 5,000, 10,000 ಡಾಲರ್ ನೋಟುಗಳು ನಿಜ. 1945ರ ನಂತರ ಅಚ್ಚಾಗಲಿಲ್ಲ, 1969ರಲ್ಲಿ ವಿತರಣೆ ನಿಂತಿತು. ಕಾನೂನಿನ ಪ್ರಕಾರ ಈಗಲೂ ಚಲಾವಣೆಗೆ ಬರುತ್ತವೆ, ಆದರೆ ಸಂಗ್ರಾಹಕರು ಮುಖಬೆಲೆಗಿಂತ ಜಾಸ್ತಿ ಕೊಡುವಾಗ ಅಂಗಡಿಯಲ್ಲಿ ಕೊಡುವವರು ಯಾರು?

ಇನ್ನೊಂದು ಗೊಂದಲ ಭಾಷೆಯದು. ಜರ್ಮನಿಯ 1924ರ ನೋಟಿನಲ್ಲಿ '100 ಬಿಲಿಯೋನೆನ್ ಮಾರ್ಕ್' ಅಂತಿದೆ. ನೂರು ಬಿಲಿಯನ್ ಅಂತ ಓದಬೇಡಿ. ಜರ್ಮನ್ನಿನ ಬಿಲಿಯೋನ್ ಅಂದರೆ ಇಂಗ್ಲಿಷಿನ ಟ್ರಿಲಿಯನ್, ಹಾಗಾಗಿ ಇದೂ ಕೋಟಿ ಕೋಟಿಯೇ. ಹಂಗೇರಿಯದು ಇನ್ನೂ ಮಜಾ. 1946ರಲ್ಲಿ ಬಿಟ್ಟ ಹತ್ತು ಕೋಟಿ 'ಬಿ-ಪೆಂಗೋ' (ಪೆಂಗೋ ಅಂದರೆ ಆಗಿನ ಹಂಗೇರಿಯ ಹಣ) ನೋಟಿನಲ್ಲಿ ಸೊನ್ನೆಗಳ ಸಾಲೇ ಇಲ್ಲ, ಮೊತ್ತ ಅಕ್ಷರಗಳಲ್ಲಿದೆ. ಆ ಒಂದು 'ಬಿ' ಅಂದರೆ ಲಕ್ಷ ಕೋಟಿ. ಬಿಡಿಸಿ ಬರೆದರೆ ಒಂದರ ಮುಂದೆ 20 ಸೊನ್ನೆ. ಚಲಾವಣೆಗೆ ಬಂದ ನೋಟುಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಹೆಸರು, ಮೊತ್ತ ಸರಿ ಇದ್ದರೂ ನಕಲಿ ಇರಬಹುದು. ಜಿಂಬಾಬ್ವೆ ನೋಟನ್ನು ಬೆಳಕಿಗೆ ಹಿಡಿದು ನೀರುಗುರುತು ಮತ್ತು ಭದ್ರತಾ ಎಳೆ ನೋಡಿ. ಒಂದೇ ಕ್ರಮಸಂಖ್ಯೆ ಎರಡು ನೋಟಿನಲ್ಲಿ ಕಂಡರೆ ಎರಡನ್ನೂ ವಾಪಸ್ ಕೊಡಿ.

ಕೊಂಡ ಮೇಲೆ ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪ್ ಅಂಟಿಸುವುದು, ಲ್ಯಾಮಿನೇಟ್ ಮಾಡಿಸುವುದು ಬೇಡವೇ ಬೇಡ. ಪಿವಿಸಿ ಇಲ್ಲದ ಕವರಿನಲ್ಲಿಟ್ಟು ಬಿಸಿಲು ತಾಗದ, ತೇವ ಇಲ್ಲದ ಕಡೆ ಇಡಿ. ತಮಾಷೆ ನೋಟುಗಳನ್ನು ಎಸೆಯಬೇಕಿಲ್ಲ, ನನ್ನ ಚಿನ್ನದ ಹಾಳೆ ಈಗಲೂ ಇದೆ. ಬೇರೆ ಕವರಿಗೆ ಹಾಕಿ, ಕವರಿನ ಮೇಲೆ 'ಅಸಲಿ ಅಲ್ಲ' ಅಂತ ಬರೆದಿಟ್ಟಿದ್ದೇನೆ.