ಹಾಫ್-ಲೈಫ್ 2: ಹಳೆಯ ಆಟದ ಎಲ್ಲ ಅಚೀವ್‌ಮೆಂಟ್ ಗಳಿಸುವುದು ಹೇಗೆ?

ವಾಲ್ವ್ ಕಂಪನಿಯ ಶೂಟಿಂಗ್ ಆಟ ‘ಹಾಫ್-ಲೈಫ್ 2’ 2004ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಅದನ್ನು ತಡೆಯಿಲ್ಲದೆ ಓಡಿಸಬಲ್ಲ ಕಂಪ್ಯೂಟರ್ ಮನೆಯಲ್ಲಿರುವುದೇ ದೊಡ್ಡ ಮಾತಾಗಿತ್ತು. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೂಡ ಇಲ್ಲದ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಸಾಕು. ಮೊದಲು ಬಂದ ಆಟದಲ್ಲಿ ಅಚೀವ್‌ಮೆಂಟ್‌ಗಳೇ, ಅಂದರೆ ಆಟದಲ್ಲಿ ಗೊತ್ತುಪಡಿಸಿದ ಸಾಧನೆ ಮಾಡಿದಾಗ ಸಿಗುವ ಗುರುತುಗಳೇ, ಇರಲಿಲ್ಲ. 2007ರಲ್ಲಿ ಕನ್ಸೋಲ್‌ಗಳಿಗೆ ಬಂದ ‘ಆರೆಂಜ್ ಬಾಕ್ಸ್’ ಕಟ್ಟಿನಲ್ಲಿ ಅವು ಸೇರಿದವು, ಕಂಪ್ಯೂಟರ್ ಆವೃತ್ತಿಗೆ 2010ರಲ್ಲಿ ಬಂದವು. 2024ರ ನವೆಂಬರ್‌ನಲ್ಲಿ ಇಪ್ಪತ್ತನೇ ವರ್ಷದ ಅಪ್‌ಡೇಟ್ ಬಂದ ಮೇಲೆ ಮುಂದುವರಿದ ಕಥೆಗಳಾದ ‘ಎಪಿಸೋಡ್ ಒನ್’ ಮತ್ತು ‘ಎಪಿಸೋಡ್ ಟು’ ಕೂಡ ಮೂಲ ಆಟದೊಳಗೇ ಸೇರಿಕೊಂಡಿರುವುದರಿಂದ, ಎಲ್ಲವನ್ನೂ ಗಳಿಸಬೇಕೆನ್ನುವವರು ಮೂರು ಕಥೆಗಳನ್ನೂ ಮುಗಿಸಬೇಕಾಗುತ್ತದೆ.

ಮೊದಲ ಸುತ್ತು, ಪಟ್ಟಿ ನೋಡದೆ

ಬಹಳ ಮಂದಿ ಮೊದಲ ದಿನವೇ ಅಚೀವ್‌ಮೆಂಟ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಆಟವನ್ನೂ ಕೆಡಿಸುತ್ತದೆ, ಸಮಯವನ್ನೂ ಉಳಿಸುವುದಿಲ್ಲ. ಕ್ರೋಬಾರ್ ಸಿಕ್ಕಿದ್ದಕ್ಕೆ, ಏರ್‌ಬೋಟ್ ಹತ್ತಿದ್ದಕ್ಕೆ, ವಸ್ತುಗಳನ್ನು ಸೆಳೆದು ಎಸೆಯುವ ಗ್ರ್ಯಾವಿಟಿ ಗನ್ ಕೈಗೆ ಬಂದದ್ದಕ್ಕೆ, ಕೊನೆಯ ರಿಯಾಕ್ಟರ್ ನಾಶವಾದದ್ದಕ್ಕೆ ಸಿಗುವಂಥವು ಕಥೆಯ ಜೊತೆಗೇ ತಾವಾಗಿ ಬರುತ್ತವೆ. ನೀವು ಒಮ್ಮೆ ತಲುಪಿದ ಅಧ್ಯಾಯವನ್ನು ಮುಖಪುಟದ ‘ನ್ಯೂ ಗೇಮ್’ನಿಂದ ಯಾವಾಗ ಬೇಕಾದರೂ ಮತ್ತೆ ತೆರೆಯಬಹುದಾದ್ದರಿಂದ, ಬಿಟ್ಟುಹೋದದ್ದಕ್ಕೆ ಇಡೀ ಆಟವನ್ನು ಮೊದಲಿನಿಂದ ಆಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಶುರು ಮಾಡುವ ಮುನ್ನ ಮೂರು ಸಂಗತಿಗಳನ್ನು ಸರಿಪಡಿಸಿಕೊಳ್ಳಿ. ಆಟದ ದೃಷ್ಟಿಕೋನ, ಅಂದರೆ ‘ಫೀಲ್ಡ್ ಆಫ್ ವ್ಯೂ’, ಮೊದಲಿಗೆ 75ರಲ್ಲಿರುತ್ತದೆ. ಅದನ್ನು 90ಕ್ಕೆ ಏರಿಸದಿದ್ದರೆ ಏರ್‌ಬೋಟ್ ಅಧ್ಯಾಯದಲ್ಲಿ ಹಲವರಿಗೆ ತಲೆಸುತ್ತು ಬರುತ್ತದೆ. ಎರಡನೆಯದಾಗಿ, ಈ ಆಟದ ಯಾವ ಅಚೀವ್‌ಮೆಂಟ್‌ಗೂ ಕಷ್ಟದ ಮಟ್ಟದ ಷರತ್ತಿಲ್ಲ, ಆದ್ದರಿಂದ ಎರಡನೇ ಸುತ್ತಿನಲ್ಲಿ ‘ಈಸಿ’ ಆರಿಸಿಕೊಳ್ಳಲು ನಾಚಿಕೆ ಬೇಡ. ಮೂರನೆಯದು ಚೀಟ್‌ಗಳ ವಿಷಯ: ಅವನ್ನು ಬಳಸಿದ ಸರದಿಯಲ್ಲಿ ಅಚೀವ್‌ಮೆಂಟ್ ದಾಖಲಾಗುವುದಿಲ್ಲ.

ಸೇವ್ ಮಾಡುವ ಶಿಸ್ತು

ಎಫ್6 ಒತ್ತಿದರೆ ಕ್ವಿಕ್ ಸೇವ್, ಎಫ್9 ಒತ್ತಿದರೆ ಅದೇ ಜಾಗಕ್ಕೆ ವಾಪಸ್ಸು. ಆದರೆ ಕ್ವಿಕ್ ಸೇವ್ ಮಾಡಿದಾಗಲೆಲ್ಲ ಹಿಂದಿನದರ ಮೇಲೆ ಹೊಸದು ಕೂರುತ್ತದೆ. ಷರತ್ತು ಮುರಿದುಹೋದ ಮೇಲೆ ಅರಿವಿಲ್ಲದೆ ಎಫ್6 ಒತ್ತಿದರೆ ಹಿಂದಿರುಗಲು ದಾರಿ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಅಧ್ಯಾಯದ ಆರಂಭದಲ್ಲಿ, ಪ್ರತಿ ಕಠಿಣ ಸವಾಲಿನ ಮುಂಚೆ ಮೆನುವಿಗೆ ಹೋಗಿ ಬೇರೆಯಾಗಿಯೇ ಒಂದು ಸೇವ್ ಇಟ್ಟುಕೊಳ್ಳಿ. ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಕರೆಂಟ್ ಹೋಗುವುದುಂಟು, ಮನೆಯ ಯುಪಿಎಸ್‌ಗೆ ರೌಟರ್ ಮಾತ್ರ ಜೋಡಿಸಿರುವವರೇ ಹೆಚ್ಚು. ಡೆಸ್ಕ್‌ಟಾಪ್‌ನಲ್ಲಿ ಆಡುವವರಿಗೆ ಈ ಶಿಸ್ತು ಇನ್ನೂ ಮುಖ್ಯ.

ಎರಡನೇ ಸುತ್ತು, ಅಧ್ಯಾಯದ ಪ್ರಕಾರ

ಆರಂಭದ ರೈಲು ನಿಲ್ದಾಣದಲ್ಲೇ ಒಂದು ಜೋಡಿ ಕಾದಿದೆ. ಅಲ್ಲಿ ಕಾವಲಿಗಿರುವ ಪೊಲೀಸನೊಬ್ಬ ಬೇಕೆಂದೇ ಡಬ್ಬಿಯೊಂದನ್ನು ನೆಲಕ್ಕೆ ಬೀಳಿಸಿ, ಎತ್ತಿ ಕಸದ ಬುಟ್ಟಿಗೆ ಹಾಕೆಂದು ಹೇಳುತ್ತಾನೆ. ಹೇಳಿದಂತೆ ಮಾಡಿದರೆ ‘ಸಬ್ಮಿಸಿವ್’. ಅದೇ ಡಬ್ಬಿಯನ್ನು ಅವನತ್ತ ಎಸೆದರೆ ‘ಡಿಫೈಯಂಟ್’. ಅವನು ಮಾತಾಡುವ ಮೊದಲೇ ಸೇವ್ ಮಾಡಿ, ಒಂದನ್ನು ಗಳಿಸಿ, ಹಿಂದಿರುಗಿ ಇನ್ನೊಂದನ್ನೂ ಗಳಿಸಿಕೊಳ್ಳಿ. ಮುಂದೆ ಡಾ. ಕ್ಲೈನರ್ ಅವರ ಪ್ರಯೋಗಾಲಯದಲ್ಲಿರುವ ಪುಟ್ಟ ಟೆಲಿಪೋರ್ಟರ್ ಅನ್ನು ಪದೇ ಪದೇ ಚಾಲೂ ಮಾಡಿ ಕೆಡಿಸಬೇಕು. ಬ್ಲ್ಯಾಕ್ ಮೆಸಾ ಈಸ್ಟ್‌ನ ಗುಜರಿ ಅಂಗಳದಲ್ಲಿ ಎರಡಿವೆ: ಹಳೆಯ ‘ಹಾಫ್-ಲೈಫ್’ನ ಚಾರ್ಜರ್ ಮುಖಫಲಕವನ್ನು ಹುಡುಕುವುದು, ಹಾಗೂ ಡಾಗ್ ಎಂಬ ರೋಬೋಟ್‌ನ ಚೆಂಡನ್ನು ಬುಟ್ಟಿಗೆ ಹಾಕುವುದು.

ರೇವನ್‌ಹೋಮ್‌ಗೆ ಬಂದಾಗ ನಿಧಾನಿಸಬೇಕು. ‘ಜಾಂಬಿ ಚಾಪರ್’ ಅಚೀವ್‌ಮೆಂಟ್‌ಗೆ ಈ ಊರನ್ನು ಗ್ರ್ಯಾವಿಟಿ ಗನ್ ಒಂದರಿಂದಲೇ ದಾಟಬೇಕು. ಬಲ ಕ್ಲಿಕ್ ವಸ್ತುವನ್ನು ಸೆಳೆಯುತ್ತದೆ, ಎಡ ಕ್ಲಿಕ್ ಎಸೆಯುತ್ತದೆ. ಊರಿನ ತುಂಬ ಬಿದ್ದಿರುವ ಗರಗಸದ ಚಕ್ರಗಳೇ ನಿಮ್ಮ ಮುಖ್ಯ ಆಯುಧ. ಸೊಂಟದ ಎತ್ತರಕ್ಕೆ ಗುರಿಯಿಟ್ಟು ಎಸೆದ ಚಕ್ರ ಸಾಲಾಗಿ ಬರುವ ಜಾಂಬಿಗಳನ್ನು ಸೀಳಿಕೊಂಡು ಹೋಗಿ ಹಿಂದಿನ ಗೋಡೆಗೆ ನಾಟಿಕೊಳ್ಳುತ್ತದೆ, ಅಲ್ಲಿಂದ ಅದನ್ನು ಮತ್ತೆ ಸೆಳೆದುಕೊಳ್ಳಬಹುದು. ಆದ್ದರಿಂದ ಒಳ್ಳೆಯ ಚಕ್ರವೊಂದು ಸಿಕ್ಕಿದರೆ ಬೀದಿಯಿಂದ ಬೀದಿಗೆ ಕೈಬಿಡದೆ ಒಯ್ಯುವುದು ಜಾಣತನ. ಊರಿನ ಪಾದ್ರಿ ಫಾದರ್ ಗ್ರಿಗೋರಿ ಕಟ್ಟಿಟ್ಟಿರುವ ಬಲೆಗಳು, ತಿರುಗುವ ಅಲಗುಗಳು, ಮೇಲೆ ತೂಗುವ ಕಾರುಗಳು ಇವನ್ನೆಲ್ಲ ಬಳಸಿಕೊಳ್ಳಬಹುದು. ಏಡಿಯಂಥ ಜೀವಿಯಾದ ಕರಿಯ ಹೆಡ್‌ಕ್ರ್ಯಾಬ್ ಕಚ್ಚಿದರೆ ಆರೋಗ್ಯ ಒಮ್ಮೆಲೇ 1ಕ್ಕೆ ಇಳಿದು ನಂತರ ಮೆಲ್ಲಗೆ ಏರುತ್ತದೆ. ಆ ಹೊತ್ತಿನಲ್ಲಿ ಎದುರು ಬೀಳದೆ ಹಿಂದೆ ಸರಿದು ನಿಲ್ಲಿ.

ಸೋಲುವುದು ಹೆಚ್ಚಾಗಿ ಜಾಂಬಿಗಳಿಂದಲ್ಲ, ಕೈಯ ಅಭ್ಯಾಸದಿಂದ. ಗ್ರಿಗೋರಿ ಕೊಡುವ ಶಾಟ್‌ಗನ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಹಾರಿಸುವಂತಿಲ್ಲ; ಕೈಗೆ ಬಂದ ಕೂಡಲೇ ಗ್ರ್ಯಾವಿಟಿ ಗನ್‌ಗೆ ಮರಳಿ. ಮರದ ಪೆಟ್ಟಿಗೆ ಕಂಡೊಡನೆ ಕ್ರೋಬಾರ್ ಎತ್ತುವ ಚಾಳಿಯನ್ನೂ ಬಿಡಬೇಕು, ಪೆಟ್ಟಿಗೆಯನ್ನೇ ಎತ್ತಿ ಗೋಡೆಗೆ ಎಸೆದರೆ ಒಡೆಯುತ್ತದೆ. ಸ್ಮಶಾನದಲ್ಲಿ ಗ್ರಿಗೋರಿಯನ್ನು ಸಾಯಲು ಬಿಡದೆ ಕರೆದೊಯ್ದರೆ ‘ಹ್ಯಾಲೋಡ್ ಗ್ರೌಂಡ್’ ಕೂಡ ಬರುತ್ತದೆ. ಸ್ಮಶಾನ ದಾಟಿತೆಂದು ಮೈಮರೆಯದೆ, ‘ಜಾಂಬಿ ಚಾಪರ್’ ಪರದೆಯ ಮೇಲೆ ಕಾಣುವ ತನಕ ಬೇರೆ ಆಯುಧ ಮುಟ್ಟಬೇಡಿ.

ಹೈವೇ 17 ಅಧ್ಯಾಯದಲ್ಲಿ ಕ್ರಾಸ್‌ಬೋ ಸಿಕ್ಕ ಕೂಡಲೇ ಸೈನಿಕನೊಬ್ಬನನ್ನು ಜಾಹೀರಾತು ಫಲಕಕ್ಕೆ ನಾಟಿಸಬೇಕು. ಶತ್ರುಗಳ ಹಾರುವ ಯಂತ್ರಗಳಾದ ಗನ್‌ಶಿಪ್‌ಗಳಲ್ಲಿ ಆರನ್ನು ಉರುಳಿಸುವ ‘ಒನ್ ಮ್ಯಾನ್ ಆರ್ಮಿ’ಗಾಗಿ ಎದುರಾದ ಯಾವ ಗನ್‌ಶಿಪ್ ಅನ್ನೂ, ವಿಶೇಷವಾಗಿ ಸೇತುವೆಯ ಬಳಿ ಬರುವುದನ್ನು, ತಪ್ಪಿಸಿಕೊಂಡು ಓಡಬಾರದು. ಗನ್‌ಶಿಪ್ ತನ್ನತ್ತ ನೇರವಾಗಿ ಬರುವ ರಾಕೆಟ್ಟನ್ನು ಗುಂಡು ಹಾರಿಸಿ ಉದುರಿಸುತ್ತದೆ. ರಾಕೆಟ್ ನಿಮ್ಮ ಲಾಂಚರ್‌ನ ಲೇಸರ್ ಚುಕ್ಕೆಯನ್ನು ಹಿಂಬಾಲಿಸುವುದರಿಂದ, ಅದನ್ನು ಮೊದಲು ಪಕ್ಕಕ್ಕೆ ಬಿಟ್ಟು ಕೊನೆಯ ಗಳಿಗೆಯಲ್ಲಿ ತಿರುಗಿಸಿ ಹೊಡೆಯಿರಿ.

‘ಕೀಪ್ ಆಫ್ ದ ಸ್ಯಾಂಡ್’ ತಾಳ್ಮೆಯ ಪರೀಕ್ಷೆ. ಸ್ಯಾಂಡ್‌ಟ್ರ್ಯಾಪ್ಸ್ ಅಧ್ಯಾಯದ ಕಡಲತೀರವನ್ನು ಮರಳು ಮುಟ್ಟದೆ ದಾಟಬೇಕು. ಬಂಡೆಯಿಂದ ಬಂಡೆಗೆ ಹಾರಲಾಗದ ಕಡೆ ಎರಡು ಹಲಗೆ ಸಾಕು: ಒಂದರ ಮೇಲೆ ನಿಂತು ಇನ್ನೊಂದನ್ನು ಗ್ರ್ಯಾವಿಟಿ ಗನ್‌ನಿಂದ ಮುಂದಿಡಿ, ಅದರ ಮೇಲೆ ಹೆಜ್ಜೆಯಿಟ್ಟ ಮೇಲೆ ಹಿಂದಿನದನ್ನು ಎತ್ತಿಕೊಳ್ಳಿ. ಹಲಗೆಯನ್ನು ಎಡ ಕ್ಲಿಕ್‌ನಿಂದ ಎಸೆದರೆ ದೂರ ಹಾರಿಹೋಗುತ್ತದೆ, ಬಲ ಕ್ಲಿಕ್‌ನಿಂದ ಮೆಲ್ಲಗೆ ಇಳಿಸಬೇಕು. ಮರಳಿನಿಂದ ಆಂಟ್‌ಲಯನ್ ಎಂಬ ದೈತ್ಯ ಕೀಟ ಎದ್ದರೆ ಕಾಲು ತಗುಲಿದೆಯೆಂದೇ ಅರ್ಥ, ತಕ್ಷಣ ಎಫ್9 ಒತ್ತಿ.

ನೋವಾ ಪ್ರಾಸ್ಪೆಕ್ಟ್ ಜೈಲಿನಲ್ಲಿ ಕಕ್ಕಸಿನ ಕಮೋಡ್ ಎಸೆದು ಶತ್ರುವನ್ನು ಕೊಲ್ಲುವ ‘ಫ್ಲಶ್ಡ್’ ಇದೆ. ಸಿಟಿ 17ರ ಸ್ನೈಪರ್‌ಗಳಿಗೆ ಕಿಟಕಿಯೊಳಗೆ ಬೀಳುವಂತೆ ಗ್ರೆನೇಡ್ ಎಸೆದರಾಯಿತು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಹುಡುಕಾಟದ ಕೆಲಸ

‘ಲ್ಯಾಂಬ್ಡಾ ಲೊಕೇಟರ್’ಗೆ ಆಟದಲ್ಲಿ ಬಚ್ಚಿಟ್ಟಿರುವ 45 ಸಾಮಗ್ರಿ ತಾಣಗಳನ್ನು ಕಾಣಬೇಕು. ಗೋಡೆಯ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೆದ ಲ್ಯಾಂಬ್ಡಾ ಗುರುತೇ ಸುಳಿವು. ಕಾಲುವೆಯ ಅಧ್ಯಾಯಗಳಲ್ಲಿ ಏರ್‌ಬೋಟ್‌ನ ವೇಗದಲ್ಲಿ ಸಾಗಿದರೆ ಈ ಗುರುತುಗಳು ಕಣ್ಣಿಗೇ ಬೀಳುವುದಿಲ್ಲ, ಇಳಿದು ನಡೆಯಬೇಕು. ಇದೊಂದಕ್ಕೆ ಮಾತ್ರ ಮಾರ್ಗದರ್ಶಿಯ ನೆರವು ಪಡೆಯುವುದು ನ್ಯಾಯವೆಂದು ನನಗನ್ನಿಸುತ್ತದೆ.

ಎರಡು ಎಪಿಸೋಡ್‌ಗಳು

‘ಎಪಿಸೋಡ್ ಒನ್’ನಲ್ಲಿ ಒಂದೇ ಗುಂಡು ಹಾರಿಸಿ ಕಥೆ ಮುಗಿಸುವ ‘ಒನ್ ಫ್ರೀ ಬುಲೆಟ್’ ಇದೆ. ಆ ಗುಂಡು ಬೀಗವೊಂದನ್ನು ಒಡೆಯಲು ಮೀಸಲು. ಕ್ರೋಬಾರ್, ಗ್ರೆನೇಡ್, ರಾಕೆಟ್, ಗ್ರ್ಯಾವಿಟಿ ಗನ್ ಲೆಕ್ಕಕ್ಕೆ ಬರುವುದಿಲ್ಲ, ಉಳಿದ ಗುಂಡಿನ ಕೆಲಸವನ್ನು ಜೊತೆಗಿರುವ ಆಲಿಕ್ಸ್‌ಗೆ ಬಿಡಿ. ‘ಎಪಿಸೋಡ್ ಟು’ನಲ್ಲಿ ಸುರಂಗಗಳಲ್ಲಿ ಹೊಳೆಯುವ 333 ಹುಳುಗಳನ್ನೂ ಹೊಸಕಬೇಕು, ಒಂದು ಉಳಿದರೂ ಎಲ್ಲಿ ಉಳಿಯಿತೆಂದು ಆಟ ಹೇಳುವುದಿಲ್ಲವಾದ್ದರಿಂದ ಕವಲು ಬಂದಾಗಲೆಲ್ಲ ಚಾವಣಿಯನ್ನೂ ನೋಡಿ ಮುಂದುವರಿಯಿರಿ.

‘ಲಿಟ್ಲ್ ರಾಕೆಟ್ ಮ್ಯಾನ್’ಗಾಗಿ ಆರಂಭದಲ್ಲಿ ಸಿಗುವ ಗಡ್ಡದ ಕುಳ್ಳ ಗೊಂಬೆಯನ್ನು ಕೊನೆಯ ರಾಕೆಟ್‌ವರೆಗೆ ಹೊತ್ತು ತರಬೇಕು. ಕಾರಿಗೆ ಮುಚ್ಚಿದ ಮೈ ಇಲ್ಲದ ಕಾರಣ ಗೊಂಬೆ ಪ್ರತಿ ತಿರುವಿನಲ್ಲೂ, ಪ್ರತಿ ಉಬ್ಬಿನಲ್ಲೂ ಹೊರಗೆ ಬೀಳುತ್ತದೆ. ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಹಿಂತಿರುಗಿ ನೋಡಿ, ಗೊಂಬೆ ಇದ್ದರೆ ಸೇವ್ ಮಾಡಿ, ಇಲ್ಲದಿದ್ದರೆ ಲೋಡ್ ಮಾಡಿ. ಕಾಳಗ ಶುರುವಾಗುವ ಮುನ್ನ ಅದನ್ನು ಯಾವುದಾದರೂ ಮೂಲೆಯಲ್ಲಿಟ್ಟು, ಮುಗಿದ ಮೇಲೆ ಬಂದು ಎತ್ತಿಕೊಳ್ಳಿ. ಹೊಸ ಭಾಗ ಲೋಡ್ ಆಗುವ ಗಡಿ ದಾಟುವಾಗ ಮಾತ್ರ ಅದು ನಿಮ್ಮ ಕೈಯಲ್ಲೇ ಇರಲಿ. ವೈಟ್ ಫಾರೆಸ್ಟ್ ನೆಲೆಯಲ್ಲಿ ಗೊಂಬೆಯನ್ನು ರಾಕೆಟ್ಟಿನೊಳಗೆ ಇಟ್ಟ ಕೂಡಲೇ ಏನೂ ಸಿಗುವುದಿಲ್ಲ, ರಾಕೆಟ್ ಹಾರಿದ ಮೇಲೆಯೇ ಅಚೀವ್‌ಮೆಂಟ್ ಬರುತ್ತದೆ. ಅಲ್ಲಿಯವರೆಗೆ ಗೊಂಬೆ ಇಡುವ ಮೊದಲಿನ ಸೇವ್ ಅನ್ನು ಅಳಿಸಬೇಡಿ.